ಎಡಗಾಲಿಗೆ ಬಿಡುವು

ಹೊಸದನ್ನು ಕಲಿಯುವುದು ಒಂದು ಶ್ರಮ. ಕಲಿತುದನ್ನು ಬಿಡುವುದು ಅದಕ್ಕಿಂತ ಹಿರಿದಾದ ಶ್ರಮ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಅನೇಕ ಮನೆಗಳಿಗೆ ಈ ಎರಡನೆಯ ಶ್ರಮವು ಈಗ ಕಾರಿನ ರೂಪದಲ್ಲಿ ಬಂದಿದೆ. ಹಳೆಯ ಕಾರನ್ನು ಕೊಟ್ಟು ಹೊಸದನ್ನು ತರುತ್ತಾರೆ. ಅದರಲ್ಲಿ ಕ್ಲಚ್ ಪೆಡಲ್ ಇರುವುದಿಲ್ಲ. ಮೊಣಕಾಲು ನೋವಿನ ಹಿರಿಯರಿಗೂ, ಹೊಸದಾಗಿ ಕಾರು ನಡೆಸಲು ಕಲಿಯುವ ಹೆಣ್ಣುಮಕ್ಕಳಿಗೂ ಇದು ಅನುಕೂಲ. ಆದರೆ ಇಪ್ಪತ್ತು ಮೂವತ್ತು ವರ್ಷ ಗೇರು ಹಾಕಿ ಪಳಗಿದ ಕೈಕಾಲುಗಳಿಗೆ ಮೊದಲ ಕೆಲವು ದಿನ ಈ ಅನುಕೂಲವೇ ಅಪಾಯವಾಗಬಲ್ಲದು. ಈ ತಿಂಗಳ ಅಂಕಣವನ್ನು ಆ ಕೆಲವು ದಿನಗಳ ವಿಚಾರಕ್ಕೆ ಮೀಸಲಿಡುತ್ತೇನೆ.

ಇಂಥ ವ್ಯವಸ್ಥೆಯನ್ನು ಅರೆ ಸ್ವಯಂಚಾಲಿತವೆನ್ನುವುದು ಸರಿ. ಪೂರ್ಣ ಸ್ವಯಂಚಾಲಿತ ಕಾರುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಪದ್ಧತಿಯೇ ಬೇರೆ. ಅಲ್ಲಿ ಇಂಜಿನ್ನಿನ ಬಲವು ಎಣ್ಣೆ ತುಂಬಿದ ಯಂತ್ರಭಾಗವೊಂದರ ಮೂಲಕ ಗಾಲಿಗಳಿಗೆ ಸಾಗುತ್ತದೆ. ನಮ್ಮ ಮನೆಗಳಿಗೆ ಬಂದಿರುವ ಕಡಿಮೆ ಬೆಲೆಯ ಕಾರುಗಳಲ್ಲಿ ಹೆಚ್ಚಿನವುಗಳಲ್ಲಿ ಹಳೆಯ ಗೇರುಪೆಟ್ಟಿಗೆಯೇ ಇದೆ, ಹಳೆಯ ಕ್ಲಚ್ಚೇ ಇದೆ. ಕಾಲು ಒತ್ತುತ್ತಿದ್ದುದನ್ನೂ ಕೈ ಎಳೆಯುತ್ತಿದ್ದುದನ್ನೂ ಒಂದು ಪುಟ್ಟ ಯಂತ್ರವು ಗಣಕದ ಆಜ್ಞೆಯಂತೆ ಮಾಡುತ್ತದೆ, ಅಷ್ಟೆ. ಬೇಕೆನಿಸಿದಾಗ ಸನ್ನೆಯನ್ನು ಹಿಂದೆ ಮುಂದೆ ತಳ್ಳಿ ನಾವೇ ಗೇರನ್ನು ಏರಿಸಲೂ ಇಳಿಸಲೂ ಬಹುದು. ಕ್ಲಚ್ ಕಣ್ಣಿಗೆ ಕಾಣದಿದ್ದರೂ ಅದು ಒಳಗೆ ಸವೆಯುತ್ತಲೇ ಇರುತ್ತದೆ ಎಂಬುದನ್ನು ಓದುಗರು ನೆನಪಿಡಬೇಕು.

ಈ ವ್ಯವಸ್ಥೆಯ ವಂಶಾವಳಿ ಕುತೂಹಲಕರವಾದುದು. ಇದು ಬೆಳೆದದ್ದು ಸ್ಪೋರ್ಟ್ಸ್ ಕಾರುಗಳ ಲೋಕದಲ್ಲಿ. 1960ರ ದಶಕದ ಕೊನೆಯಲ್ಲಿ ಜರ್ಮನಿಯ ಪೋರ್ಷೆ ಕಂಪನಿಯು ತನ್ನ 911 ಕಾರಿನಲ್ಲಿ ‘ಸ್ಪೋರ್ಟೊಮ್ಯಾಟಿಕ್’ ಎಂಬ ವ್ಯವಸ್ಥೆಯನ್ನು ತಂದಿತು. ಕ್ಲಚ್ ಪೆಡಲ್ ಇಲ್ಲ. ಗೇರಿನ ಸನ್ನೆಗೆ ಕೈ ತಾಗಿ ಅದು ಅಲುಗಿದೊಡನೆ ಕ್ಲಚ್ ತಾನೇ ಬಿಡುತ್ತಿತ್ತು. ಆದುದರಿಂದ ರೂಢಿಯಂತೆ ಸನ್ನೆಯ ಮೇಲೆ ಕೈಯೂರಿ ಕುಳಿತ ಚಾಲಕನಿಗೆ ಇಂಜಿನ್ನು ಮೊರೆದರೂ ಗಾಲಿಗೆ ಬಲ ಸಿಗದಂತಾಗುತ್ತಿತ್ತು. ಸುಮ್ಮನಿರಬೇಕಾದ ಕೈಯನ್ನು ಸುಮ್ಮನಿರಿಸುವುದೇ ಅಂದಿನ ಪಾಠವಾಯಿತು.

ಮುಂದೆ 1989ರಲ್ಲಿ ಇಟಲಿಯ ಫೆರಾರಿ ಕಂಪನಿಯ ಪಂದ್ಯದ ಕಾರಿನಲ್ಲಿ ಗೇರಿನ ಸನ್ನೆಯು ಸ್ಟೀರಿಂಗ್ ಚಕ್ರದ ಹಿಂದಕ್ಕೆ ಬಂದಿತು. ಚಕ್ರದಿಂದ ಕೈ ತೆಗೆಯದೆ ಬೆರಳಿನಿಂದಲೇ ಗೇರು ಬದಲಿಸಬಹುದಾಯಿತು. ಆ ಕಾರು ತನ್ನ ಮೊದಲ ಪಂದ್ಯವನ್ನೇ ಬ್ರೆಜಿಲ್ ದೇಶದಲ್ಲಿ ಗೆದ್ದಿತು. ಚಾಲಕ ನೈಜೆಲ್ ಮ್ಯಾನ್ಸೆಲ್. 1997ರಲ್ಲಿ ಅದೇ ಕಂಪನಿಯ ಎಫ್ 355 ಕಾರಿನ ಮೂಲಕ ಈ ಏರ್ಪಾಡು ಸಾಮಾನ್ಯ ರಸ್ತೆಗೆ ಇಳಿಯಿತು. 2014ರ ಫೆಬ್ರುವರಿಯಲ್ಲಿ ಮಾರುತಿ ಕಂಪನಿಯ ಸೆಲೆರಿಯೋ ಕಾರಿನೊಡನೆ ಅದರ ಸರಳ ರೂಪವು ಭಾರತದ ಮಧ್ಯಮ ವರ್ಗದ ಕೈಗೆಟುಕಿತು. ಫೆರಾರಿಯ ಪಂದ್ಯದ ಕಾರಿಗೆ ಕೆಲಸ ಮಾಡಿದ ಮ್ಯಾಗ್ನೆಟಿ ಮರೆಲ್ಲಿ ಎಂಬ ಇಟಲಿಯ ಸಂಸ್ಥೆಯೇ ಸೆಲೆರಿಯೋ ಕಾರಿಗೂ ಈ ಯಂತ್ರವನ್ನು ಒದಗಿಸಿತು. ಪಂದ್ಯದ ಬಯಲಿನಲ್ಲಿ ಹುಟ್ಟಿದ ಉಪಾಯವು ಕಾಲು ಶತಮಾನದಲ್ಲಿ ಮೆಣಸಿನಕಾಯಿ ಪೇಟೆಯ ದಾರಿಗೆ ಬಂದು ನಿಂತಿದೆ.

ಯಂತ್ರ ಬಂದಷ್ಟು ಬೇಗ ಅಭ್ಯಾಸ ಬರುವುದಿಲ್ಲ. ಮೊದಲ ತೊಡಕು ಎಡಗಾಲಿನದು. ವೇಗ ಇಳಿಸಬೇಕಾದಾಗ ಬುದ್ಧಿ ಹೇಳುವ ಮೊದಲೇ ಎಡಗಾಲು ಕ್ಲಚ್ಚನ್ನು ಹುಡುಕುತ್ತದೆ. ಅಲ್ಲಿ ಕ್ಲಚ್ ಇಲ್ಲ. ಅಗಲವಾದ ಬ್ರೇಕಿನ ಪೆಡಲ್ ಇದೆ. ಕ್ಲಚ್ಚನ್ನು ತಳಮುಟ್ಟ ಒತ್ತಿ ಬಲ್ಲ ಕಾಲು ಬ್ರೇಕನ್ನೂ ಹಾಗೆಯೇ ಒತ್ತಿಬಿಡುತ್ತದೆ. ಕಾರು ನಡುರಸ್ತೆಯಲ್ಲಿ ಗಕ್ಕನೆ ನಿಲ್ಲುತ್ತದೆ. ಇದು ಮನೆಯ ಅಂಗಳದಲ್ಲಾದರೆ ನಗೆಯ ಮಾತು. ಹಾವೇರಿ ರಾಣೇಬೆನ್ನೂರುಗಳ ನಡುವಣ ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ಬೆನ್ನ ಹಿಂದೆ ತುಂಬಿದ ಲಾರಿ ಬರುತ್ತಿರುವಾಗ ಆದರೆ ಪ್ರಾಣದ ಮಾತು. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿಯ ಬಳಿ ಇದೇ ಹೆದ್ದಾರಿಯಲ್ಲಿ, ನಿಂತಿದ್ದ ಲಾರಿಗೆ ಟೆಂಪೋ ಟ್ರಾವೆಲರ್ ಅಪ್ಪಳಿಸಿ 13 ಜನ ಅಸುನೀಗಿದರು. ಆ ದುರಂತಕ್ಕೂ ಗೇರಿನ ವಿಚಾರಕ್ಕೂ ಸಂಬಂಧವಿಲ್ಲ. ಆದರೆ ಈ ರಸ್ತೆಯಲ್ಲಿ ನಿಂತ ವಾಹನವೆಂದರೆ ಏನೆಂಬುದನ್ನು ನಮ್ಮ ಜಿಲ್ಲೆಯವರಿಗೆ ಬೇರೆ ಹೇಳಬೇಕಿಲ್ಲ.

ಆದುದರಿಂದ ಮೊದಲ ನಿಯಮವಿದು: ಎಡಗಾಲನ್ನು ಹಿಂದಕ್ಕೆ ಸರಿಸಿಯೋ ಪಕ್ಕದ ಕಾಲುಮಣೆಯ ಮೇಲೋ ಇರಿಸಿ ಮರೆತುಬಿಡಬೇಕು. ಬ್ರೇಕಿಗೂ ಆಕ್ಸಿಲರೇಟರಿಗೂ ಬಲಗಾಲು ಒಂದೇ. ಊರ ಹೊರಗಿನ ಖಾಲಿ ಬಯಲಿನಲ್ಲಿ ಒಂದು ವಾರ ಬೆಳಗಿನ ಅರ್ಧ ತಾಸು ನಿಲ್ಲಿಸಿ ಹೊರಡುವುದನ್ನಷ್ಟೇ ರೂಢಿ ಮಾಡಿಕೊಂಡು, ಆಮೇಲೆ ಹೆದ್ದಾರಿಗೆ ಹೋಗುವುದು ಲೇಸು.

ಎರಡನೆಯದು ಪೇಟೆಯ ಪಾಠ. ಮೆಣಸಿನಕಾಯಿಯ ಸುಗ್ಗಿಯಲ್ಲಿ ಮೋಟೆಬೆನ್ನೂರಿನ ಬಳಿ ಹೆದ್ದಾರಿ ಬಿಟ್ಟು ಬ್ಯಾಡಗಿಯ ಮಾರುಕಟ್ಟೆಗೆ ಹೋದವರಿಗೆ ಗೊತ್ತು. ಚೀಲ ಹೊತ್ತ ಲಾರಿ ಟ್ರ್ಯಾಕ್ಟರುಗಳ ಹಿಂದೆ ಮಾರುದ್ದ ಸರಿದು ಮತ್ತೆ ನಿಲ್ಲಬೇಕಾಗುತ್ತದೆ. ಇಂಥ ಕಾರುಗಳಲ್ಲಿ ಹೆಚ್ಚಿನವು ‘ಡಿ’ಯಲ್ಲಿದ್ದಾಗ ಬ್ರೇಕಿನಿಂದ ಕಾಲು ತೆಗೆದರೆ ತಾವಾಗಿಯೇ ಮೆಲ್ಲನೆ ಮುಂದೆ ಸರಿಯುತ್ತವೆ. ಇಂಜಿನ್ ನಡೆಯುತ್ತಿರುವಾಗ, ಕಾರು ನಿಂತಿದೆಯೆಂದು ನಂಬಿ ಹೇಗೋ ಹಾಗೆ ಕೆಳಗಿಳಿಯಬಾರದು. ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾದಲ್ಲಿ ‘ಎನ್’ಗೆ ತಂದು ಹ್ಯಾಂಡ್‌ಬ್ರೇಕ್ ಎಳೆಯಬೇಕು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿಯೇ ಕಾರನ್ನು ಹಿಡಿದು ನಿಲ್ಲಿಸುವ ಚಾಳಿಯನ್ನು ಬಿಡಬೇಕು. ಹಾಗೆ ಮಾಡಿದರೆ ಕಾಣದ ಕ್ಲಚ್ ಕಾದು ಸುಡುತ್ತದೆ.

ಮೂರನೆಯದು ಹಿಂದಿಕ್ಕುವಾಗಿನ ತಾಳ್ಮೆ. ಗೇರು ಬದಲಾಗುವಾಗ ಕಾರು ಕ್ಷಣಕಾಲ ಉಸಿರು ಹಿಡಿದಂತೆ ತಡೆಯುತ್ತದೆ. ಅನುಭವಿಗಳು ಆ ತಡೆಯನ್ನು ಕಂಡು ಇನ್ನಷ್ಟು ಒತ್ತುತ್ತಾರೆ. ಆಗ ಕಾರು ಜಗ್ಗುತ್ತದೆ. ಆ ಕ್ಷಣದಲ್ಲಿ ಬಲಗಾಲನ್ನು ತುಸು ಸಡಿಲಿಸಿದರೆ ಗೇರು ನಯವಾಗಿ ಕೂಡುತ್ತದೆ. ಎದುರಿನಿಂದ ವಾಹನ ಬರುವ ಇಬ್ಬದಿಯ ರಸ್ತೆಗಳಲ್ಲಿ ಈ ತಡೆಯನ್ನು ಮುಂದಾಗಿಯೇ ಲೆಕ್ಕಕ್ಕೆ ಹಿಡಿಯಬೇಕು. ‘ಎಂ’ಗೆ ತಂದು ಒಂದು ಗೇರು ಇಳಿಸಿಕೊಂಡ ಬಳಿಕವೇ ಹಿಂದಿಕ್ಕಬೇಕು. ಹಾವೇರಿಯಿಂದ ಶಿರಸಿಯ ಮೇಲೆ ಕುಮಟೆಗೆ ಹೋಗುವವರು ದೇವಿಮನೆ ಘಟ್ಟ ಇಳಿಯುವಾಗಲೂ ಹೀಗೆಯೇ ಕೆಳಗಿನ ಗೇರಿನಲ್ಲಿಡಬೇಕು. ಬರಿಯ ಬ್ರೇಕನ್ನೇ ನಂಬಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ.

ಇದನ್ನೆಲ್ಲ ಯಾವ ಕಚೇರಿಯೂ ಪರೀಕ್ಷಿಸುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯು ಗೇರುಳ್ಳ ಮೋಟಾರ್ ಸೈಕಲ್ಲಿಗೂ ಗೇರಿಲ್ಲದುದಕ್ಕೂ ಬೇರೆ ಬೇರೆ ಲೈಸೆನ್ಸಿನ ವರ್ಗವನ್ನಿಟ್ಟಿದೆ. ಕಾರಿಗೆ ಮಾತ್ರ ಲಘು ಮೋಟಾರು ವಾಹನವೆಂಬ ಒಂದೇ ವರ್ಗ. ಹಳೆಯ ಲೈಸೆನ್ಸೇ ಸಾಕು. ಎಂದ ಮೇಲೆ ಕಲಿಯುವ ಹೊಣೆ ಕುಟುಂಬದ್ದೇ ಆಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಇಂಥ ಕಾರಿನಲ್ಲಿ ಮೊದಲು ಪಳಗುವವರು ಹೆಚ್ಚಾಗಿ ಹೊಸಬರೇ. ಬಿಡಬೇಕಾದ ಅಭ್ಯಾಸ ಅವರಿಗಿಲ್ಲ. ಮನೆಯ ಸೊಸೆ ಪಕ್ಕದಲ್ಲಿ ಕುಳಿತು “ಮಾವಾರ, ಎಡಗಾಲ ಹಿಂದ ತಗೋರಿ” ಎಂದರೆ, ಮೂವತ್ತು ವರ್ಷ ಲಾರಿ ನಡೆಸಿದ ಹಿರಿಯರಿಗೆ ಕಸಿವಿಸಿಯಾಗುವುದು ಸಹಜ. ಆದರೂ ಆ ಮಾತನ್ನು ಕೇಳಬೇಕು. ತಿಳಿದವರಿಂದ ತಿಳಿಯುವುದರಲ್ಲಿ ವಯಸ್ಸಿನ ಲೆಕ್ಕವಿಲ್ಲ. ಹೇಳುವವರೂ ನಾಲ್ಕು ಜನರ ಮುಂದೆ ಹೇಳದೆ, ಮೆಲ್ಲಗೆ, ಮಾನವಿಟ್ಟು ಹೇಳಬೇಕು.

ನಮ್ಮ ಭಾಗದ ಒಕ್ಕಲು ಮನೆಗಳಲ್ಲಿ ಇನ್ನೊಂದು ತೊಡಕೂ ಉಂಟು. ಬೆಳಗ್ಗೆ ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೋದವರೇ ಸಂಜೆ ಹೊಸ ಕಾರಿನಲ್ಲಿ ಮದುವೆಗೆ ಹೊರಡುತ್ತಾರೆ. ಹಳೆಯ ಅಭ್ಯಾಸ ಅಲ್ಲಿ ಬೇಕು, ಇಲ್ಲಿ ಬೇಡ. ಹೀಗಾಗಿ ಅದನ್ನು ಪೂರ್ಣ ಮರೆಯುವಂತೆಯೂ ಇಲ್ಲ. ಇದಕ್ಕೆ ಉಪಾಯ ಸರಳವಾದುದು. ಕೀಲಿ ತಿರುಗಿಸುವ ಮುನ್ನ ಒಮ್ಮೆ ಕೆಳಗೆ ನೋಡಿ, ಪೆಡಲುಗಳನ್ನು ಎಣಿಸಿರಿ. ಮೂರಿದ್ದರೆ ಎಡಗಾಲಿಗೆ ಕೆಲಸ. ಎರಡೇ ಇದ್ದರೆ ಅದಕ್ಕೆ ಬಿಡುವು. ಹಿಂದಿನ ಸೀಟಿನಲ್ಲಿ ಕುಳಿತ ಮಕ್ಕಳಿಗೂ ಈ ಲೆಕ್ಕ ಕಲಿಸಿರಿ. ನೀವು ಮರೆತ ದಿನ ಅವರು ನೆನಪಿಸಿಯಾರು.