ಡ್ಯಾನ್ಸ್ ಕಲೀಲಿಕ್ಕೆ ಫಾರಿನ್ನಾ?

ಕಳೆದ ವರ್ಷ ನನ್ನ ದೊಡ್ಡಮ್ಮನ ಮಗಳು ನಾರ್ವೆಗೆ ಹೊರಟಾಗ ಕುಂಬ್ರದ ಮನೆಗೆ ಬಂದವರೆಲ್ಲ ಕೇಳಿದ್ದು ಒಂದೇ: "ಡ್ಯಾನ್ಸ್ ಕಲೀಲಿಕ್ಕೆ ಅಷ್ಟು ದೂರ ಎಂತಕ್ಕೆ? ಪುತ್ತೂರಲ್ಲಿ ಟೀಚರ್ ಇಲ್ವಾ?" ಅದೇ ತಿಂಗಳು ಪಕ್ಕದ ಮನೆಯ ಅಣ್ಣ ಎಂ.ಎಸ್. ಮಾಡಲು ಅಮೆರಿಕಕ್ಕೆ ಹೋದ. "ಇಲ್ಲಿ ಕಂಪ್ಯೂಟರ್ ಇಲ್ವಾ?" ಅಂತ ಅವನನ್ನು ಯಾರೂ ಕೇಳಲಿಲ್ಲ. ಅಕ್ಕನನ್ನು ಕೇಳಿದವರಲ್ಲಿ ನಾನೂ ಒಬ್ಬ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಕ್ಕ ಸೇರಿದ್ದು ಟ್ರಾಂಡ್‌ಹೈಮ್ ಊರಿನ ಎನ್‌ಟಿಎನ್‌ಯುಗೆ. ಅದು ಹೆಸರಿನಲ್ಲೇ ಸೈನ್ಸ್ ಆ್ಯಂಡ್ ಟೆಕ್ನಾಲಜಿ ಇರುವ ಯೂನಿವರ್ಸಿಟಿ. ಅಂದರೆ ನಮ್ಮಂಥ ಇಂಜಿನಿಯರುಗಳ ಜಾಗ, ಅಲ್ಲಿ ನೃತ್ಯವೂ ಒಂದು ಸಬ್ಜೆಕ್ಟ್. ಹೊಸ ಸ್ಟೆಪ್ ಕಲಿಸುವ ಕೋರ್ಸ್ ಅಲ್ಲ ಅದು. ಒಂದು ಊರಿನ ಕುಣಿತ ಹೇಗೆ ಹುಟ್ಟುತ್ತದೆ, ಅದನ್ನು ಹೇಗೆ ದಾಖಲಿಸಬೇಕು, ಯಾಕೆ ಉಳಿಯುತ್ತದೆ ಅಥವಾ ಉಳಿಯುವುದಿಲ್ಲ ಅನ್ನುವ ಓದು.

ಹೊಸ ಊರಿಗೆ ಹೊಂದಿಕೊಳ್ಳುವುದು ಎಲ್ಲರಿಗೂ ಕಷ್ಟವೇ. ಆದರೆ ನಮ್ಮ ಲ್ಯಾಪ್‌ಟಾಪ್ ಎಲ್ಲಿ ಬೇಕಾದರೂ ಆನ್ ಆಗುತ್ತದೆ. ಡ್ಯಾನ್ಸ್ ಸ್ಟೂಡೆಂಟಿಗೆ ಇರುವ ಸಲಕರಣೆ ಅವಳ ಮೈ ಒಂದೇ. ಡಿಸೆಂಬರಿನಲ್ಲಿ ಟ್ರಾಂಡ್‌ಹೈಮ್‌ನಲ್ಲಿ ಸೂರ್ಯ ಹುಟ್ಟುವಾಗ ಹತ್ತು ಗಂಟೆ, ಮಧ್ಯಾಹ್ನ ಎರಡೂವರೆಗೆ ಮುಳುಗಿ ಆಯಿತು. ಆ ಚಳಿಯಲ್ಲಿ ಅರೆಮಂಡಿ ಕೂರಲು ಮೊಣಕಾಲೇ ಕೇಳುವುದಿಲ್ಲವಂತೆ.

ಚಳಿಗಿಂತ ದೊಡ್ಡ ಸಮಸ್ಯೆ ನೆಲದ್ದು. ಇಲ್ಲಿ ಜಗಲಿಯ ಕೆಂಪು ಸಿಮೆಂಟಿನ ಮೇಲೆ ಬೆಳಿಗ್ಗೆ ಐದೂವರೆಗೆ ತಟ್ಟಡವು ಹಾಕಿದರೆ ನಾಯಿ ಮಾತ್ರ ಬೊಗಳುತ್ತಿತ್ತು. ಅಲ್ಲಿ ಮಹಡಿಯ ಮನೆ, ಮರದ ನೆಲ. ಎರಡನೇ ದಿನವೇ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದರು. ಒಂದು ತಿಂಗಳು ಅಕ್ಕ ಮಂಚದ ಮೇಲೆ ಕೂತು ಬಾಯಲ್ಲಿ ಸೊಲ್ಲುಕಟ್ಟು ಹೇಳಿಕೊಂಡು, ತೊಡೆಯ ಮೇಲೆ ಕೈಯಲ್ಲೇ ಪ್ರಾಕ್ಟೀಸ್ ಮಾಡಿದಳು. ಕೊನೆಗೆ ಸ್ಟುಡಿಯೋದಲ್ಲಿ ಒಂದು ಸ್ಲಾಟ್ ಸಿಕ್ಕಿತು. "ಇವತ್ತು ಕಾಲು ಬಡಿದೆ ಮಾರಾಯ, ಈಗ ಸೆಟ್ಲ್ ಆದೆ" ಅಂತ ಮೆಸೇಜ್ ಬಂತು. ನಾವು ಅಷ್ಟು ದಿನವೂ ಫೋನಿನಲ್ಲಿ ಕೇಳುತ್ತಿದ್ದದ್ದು "ಅಕ್ಕಿ ಸಿಗ್ತದಾ?" ಅಂತ.

ಇನ್ನೊಂದು ಕಥೆ ಕ್ಲಾಸಿನದ್ದು. "ನಿಮ್ಮ ಊರಲ್ಲಿ ಯಾರು ಕುಣಿಯುತ್ತಾರೆ, ಯಾವಾಗ, ಯಾರಿಗಾಗಿ?" ಎಂದು ಕೇಳಿದರಂತೆ. ಹನ್ನೆರಡು ವರ್ಷ ಭರತನಾಟ್ಯ ಕಲಿತವಳಿಗೆ ನೆನಪಾದದ್ದು ಗದ್ದೆಯಲ್ಲಿ ಚರುಂಬುರಿ ತಿನ್ನುತ್ತಾ ಅರ್ಧ ನಿದ್ದೆಯಲ್ಲಿ ನೋಡಿದ ಯಕ್ಷಗಾನ. ತೆಂಕುತಿಟ್ಟಿನ ಬಗ್ಗೆ ಎರಡು ವಾಕ್ಯ ಹೇಳಲು ಆಗಲಿಲ್ಲ. ರಾತ್ರಿ ಅಜ್ಜನಿಗೆ ಫೋನ್ ಮಾಡಿದಳು. "ಡ್ಯಾನ್ಸಿಗೆ ಅಷ್ಟು ದೂರ ಎಂತಕ್ಕೆ" ಅಂದಿದ್ದ ಅದೇ ಅಜ್ಜ ಚೆಂಡೆ, ದಿಗಿಣ, ಕಿರೀಟದ ವೇಷ ಅಂತ ಒಂದು ಗಂಟೆ ಮಾತಾಡಿದರು. ಪಕ್ಕದಲ್ಲಿ ಕೂತಿದ್ದ ನನಗೂ ಅದೆಲ್ಲ ಹೊಸತು.

ಇದರ ಉಲ್ಟಾ ಕೇಸ್ ನಮ್ಮ ಕರಾವಳಿಯಲ್ಲೇ ಉಂಟು. 1970ರ ಆಸುಪಾಸಿನಲ್ಲಿ ಅಮೆರಿಕದ ಮಾರ್ತಾ ಆ್ಯಷ್ಟನ್ ಉಡುಪಿಗೆ ಬಂದು, ಮದ್ದಳೆಗಾರ ಹಿರಿಯಡಕ ಗೋಪಾಲ ರಾವ್ ಅವರ ಹತ್ತಿರ ಬಡಗುತಿಟ್ಟು ಕಲಿತರು. 1977ರಲ್ಲಿ ಬ್ರೂಸ್ ಕ್ರಿಸ್ಟಿ ಜೊತೆ ಯಕ್ಷಗಾನದ ಮೇಲೆ ಇಂಗ್ಲಿಷ್ ಪುಸ್ತಕವನ್ನೇ ತಂದರು. ಅವರು ಬಂದದ್ದು ನಮಗೆ ಹೆಮ್ಮೆ. ನಮ್ಮ ಹುಡುಗಿ ಅದೇ ಕೆಲಸಕ್ಕೆ ಅತ್ತ ಹೋದರೆ ಮಾತ್ರ ಸಂಶಯ!

ದುಡ್ಡಿನ ಚಿಂತೆ ಸುಳ್ಳಲ್ಲ. ನಮ್ಮ ಹಾಗೆ ಅವಳಿಗೆ ಪ್ಲೇಸ್‌ಮೆಂಟ್ ಇಲ್ಲ. ಹಾಗಾದರೆ ಅದನ್ನೇ ಕೇಳೋಣ: ಖರ್ಚು ಎಷ್ಟು, ಮುಂದೆ ಕೆಲಸ ಎಂತದ್ದು? ಎಂ.ಎಸ್.ಗೆ ಹೋಗುವವರಿಗೂ ಅದೇ ಪ್ರಶ್ನೆ ಇರಲಿ. "ಡ್ಯಾನ್ಸಿಗಾ?" ಅನ್ನುವುದು ಪ್ರಶ್ನೆ ಅಲ್ಲ, ಮೊದಲೇ ಕೊಟ್ಟ ತೀರ್ಪು.

ನಮ್ಮ ಕ್ಯಾಂಪಸ್ಸಿನಲ್ಲೂ ಲ್ಯಾಬ್ ಮುಗಿಸಿ ಗೆಜ್ಜೆ ಕಟ್ಟುವವರು ಇದ್ದಾರೆ. ನಾಳೆ ಅವರಲ್ಲಿ ಒಬ್ಬರು ಹೊರಟರೆ "ಅಲ್ಲಿ ಕಾಲು ಬಡಿಯಲು ಜಾಗ ಉಂಟಾ?" ಅಂತ ಕೇಳಿ. ನಾನು ಅಕ್ಕನಿಗೆ ಅದನ್ನು ಕೇಳಿರಲಿಲ್ಲ.