ರುಜು ಮಾತ್ರ ತಾಯಿಯದು

ಸರಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ರಚನೆಯಾದದ್ದು 2001ರಲ್ಲಿ. ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿತು. ಅನುದಾನ ಹೇಗೆ ಖರ್ಚಾಯಿತೆಂದು ನೋಡುವುದೂ ಸಮಿತಿಯದೇ ಕೆಲಸ.

ನಮ್ಮ ಮೊಹಲ್ಲಾಗಳಲ್ಲಿ ನಡೆಯುವುದೇನು? ಎಷ್ಟೋ ಕಡೆ ಪುಸ್ತಕದಲ್ಲಿ ಹೆಸರು ತಾಯಿಯದು, ಕುರ್ಚಿಯಲ್ಲಿ ಕೂರುವವನು ಗಂಡ, ಇಲ್ಲವೇ ಮೈದುನ. ನಡಾವಳಿ ಪುಸ್ತಕ ಸಂಜೆ ಮನೆಬಾಗಿಲಿಗೆ ಬರುತ್ತದೆ. ಬೀಡಿಯ ಮೊರ ಪಕ್ಕಕ್ಕಿಟ್ಟು ಆಕೆ ರುಜು ಹಾಕುತ್ತಾಳೆ. ಏನು ಬರೆದಿದೆಯೆಂದು ಓದಿ ಹೇಳುವವರಿಲ್ಲ. ಉರ್ದು ಮಾತ್ರ ಓದಬಲ್ಲವಳ ಮುಂದೆ ಕನ್ನಡದ ನಡಾವಳಿ!

ಹೆಂಗಸರಿಗೆ ಇದೆಲ್ಲ ಏನು ತಿಳಿಯುತ್ತದೆ ಎನ್ನುವ ಹಿರಿಯರನ್ನು ನಾವು ಕೇಳುತ್ತೇವೆ: ಶೌಚಾಲಯಕ್ಕೆ ಬೀಗ ಬಿದ್ದಿದೆಯೆಂದು ಮಗಳು ಮೊದಲು ಹೇಳುವುದು ಯಾರಿಗೆ? ಏಳನೆಯ ತರಗತಿ ಮುಗಿಯುತ್ತಲೇ ಅವಳನ್ನು ಶಾಲೆ ಬಿಡಿಸುವ ಮಾತೆದ್ದಾಗ, ಬೇಡವೆಂದು ಅತ್ತು ಜಗಳವಾಡುವವಳು ಯಾರು? ಅಡುಗೆಮನೆಯಲ್ಲಿ ಒಬ್ಬಳೇ ಆಡುವ ಆ ಜಗಳ ಹತ್ತು ತಾಯಂದಿರದಾಗಿ ಸಭೆಗೆ ಬರಬೇಕು. ಮುಖ್ಯೋಪಾಧ್ಯಾಯರಿಗೂ ಆಗ ಉತ್ತರಿಸದೆ ವಿಧಿಯಿಲ್ಲ.

ಬೀಡಿ ಒಪ್ಪಿಸಿ ಬರುವ ಹೊತ್ತು ಬಿಟ್ಟು ಬೇರೆ ಹೊತ್ತಿಗೆ ಸಭೆ ಕರೆಯಿರಿ. ನಡಾವಳಿಯನ್ನು ಗಟ್ಟಿಯಾಗಿ ಓದಿ, ಉರ್ದುವಿನಲ್ಲೂ ತಿಳಿಸಿರಿ. ಅಂದು ಗಂಡಂದಿರು ಮನೆಯಲ್ಲಿ ಕೂತು ಕೈಗೂಸನ್ನು ನೋಡಿಕೊಳ್ಳಲಿ.