ಫಿಸಿಯೋ ತೆರೆದು ನೋಡಬೇಕಾದ ಮಾತ್ರೆ ಡಬ್ಬಿ

ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ ಮಲ್ಲೇಶ್ವರದ ಸಂಪಿಗೆ ರಸ್ತೆಯಿಂದ ಯಾವ ಅಡ್ಡರಸ್ತೆಗೆ ತಿರುಗಿದರೂ ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಸ್ಕೂಟರ್ ನಿಲ್ಲಿಸುತ್ತಿರುವ ಫಿಸಿಯೋಥೆರಪಿಸ್ಟ್ ಒಬ್ಬರು ಸಿಗುತ್ತಾರೆ. ಒಂದು ಮನೆಯಲ್ಲಿ ಸ್ಟ್ರೋಕ್ ಆದವರು, ಇನ್ನೊಂದರಲ್ಲಿ ಮಂಡಿ ಆಪರೇಷನ್ ಮಾಡಿಸಿಕೊಂಡವರು, ಮತ್ತೊಂದರಲ್ಲಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡವರು. ವಾರಕ್ಕೆ ಮೂರು ನಾಲ್ಕು ಸಲ ಬಂದು, ಮುಕ್ಕಾಲು ಗಂಟೆ ಕೈಕಾಲು ಹಿಡಿದು, ಎಬ್ಬಿಸಿ, ನಡೆಸಿ ಹೋಗುವ ಇವರಷ್ಟು ಹತ್ತಿರದಿಂದ ಆ ಹಿರಿಯರನ್ನು ನೋಡುವ ತರಬೇತಿ ಪಡೆದವರು ಬೇರೆ ಯಾರೂ ಆ ವಾರ ಆ ಮನೆಗೆ ಬರುವುದಿಲ್ಲ. ಡಾಕ್ಟರನ್ನು ಕಾಣುವುದು ತಿಂಗಳಿಗೊಮ್ಮೆ, ಹಲವರಿಗೆ ಮೂರು ತಿಂಗಳಿಗೊಮ್ಮೆ. ಅದೂ ಟೋಕನ್ ಹಿಡಿದು ಕೂತು ಹತ್ತು ನಿಮಿಷ. ಹೀಗಿದ್ದರೂ ಮಂಚದ ಪಕ್ಕದ ಮಾತ್ರೆ ಡಬ್ಬಿ ಫಿಸಿಯೋಗೆ ಸಂಬಂಧಿಸಿದ್ದಲ್ಲ ಎಂದು ಮನೆಯವರು, ವೈದ್ಯರು, ಸ್ವತಃ ಫಿಸಿಯೋಗಳು ಎಲ್ಲರೂ ಸೇರಿ ತೀರ್ಮಾನಿಸಿಬಿಟ್ಟಿದ್ದೇವೆ. ಇದು ತಪ್ಪು ತೀರ್ಮಾನ, ಅಪಾಯದ ತೀರ್ಮಾನ. ಔಷಧಿ ಬರೆಯುವ ಅಧಿಕಾರ ಅವರಿಗೆ ಬೇಡ. ಡಬ್ಬಿ ತೆರೆದು ನೋಡುವ, ಪಟ್ಟಿ ಮಾಡುವ, ಅನುಮಾನ ಬಂದರೆ ಅದೇ ದಿನ ಡಾಕ್ಟರಿಗೆ ತಿಳಿಸುವ ಹೊಣೆಯನ್ನು ಅವರಿಗೆ ಬರವಣಿಗೆಯಲ್ಲಿ ಕೊಡಬೇಕು.

1898ರ ಪ್ಲೇಗ್ ಆದ ಮೇಲೆ ಗಾಳಿ ಬೆಳಕಿಗೆಂದು ಎದ್ದ ಬಡಾವಣೆ ಮಲ್ಲೇಶ್ವರ. ಈಗ ಇಲ್ಲಿ ಎಷ್ಟೋ ಮನೆಗಳಲ್ಲಿ ಉಳಿದಿರುವುದು ಗಂಡ ಹೆಂಡತಿ ಇಬ್ಬರೇ. ಮಕ್ಕಳು ಅಮೆರಿಕದಲ್ಲೋ, ಹತ್ತಿರವೆಂದರೆ ವೈಟ್‌ಫೀಲ್ಡಿನಲ್ಲೋ. ಮನೆಗೇ ನರ್ಸು, ಫಿಸಿಯೋ ಕಳಿಸುವ ಸಂಸ್ಥೆಗಳು ಬೆಂಗಳೂರಿಗೆ ಹೊಸವಲ್ಲ. ನೈಟಿಂಗೇಲ್ಸ್ 1990ರ ದಶಕದಲ್ಲೇ ಈ ಕೆಲಸಕ್ಕಿಳಿಯಿತು, ಪೋರ್ಟಿಯಾ 2013ರಲ್ಲಿ. ಆಸ್ಪತ್ರೆ ಬೇಗ ಡಿಸ್ಚಾರ್ಜ್ ಮಾಡುತ್ತದೆ, ಉಳಿದ ಆರೈಕೆ ಮನೆಯಲ್ಲಿ ಆಗಬೇಕು. ಆರೈಕೆ ಮನೆಗೆ ಬಂದಿದೆ, ಮಾತ್ರೆಗಳ ಮೇಲೆ ಕಣ್ಣಿಡುವ ಕೆಲಸ ಮಾತ್ರ ಆಸ್ಪತ್ರೆಯಲ್ಲೇ ಉಳಿದುಹೋಗಿದೆ.

ಎಷ್ಟೋ ಮನೆಗಳಲ್ಲಿ ನಡೆಯುವುದನ್ನು ಒಂದೇ ಮನೆಯದಾಗಿ ಹೇಳುತ್ತೇನೆ. ಎಪ್ಪತ್ತೆಂಟು ವರ್ಷದ ತಾಯಿ. ಬಿಪಿಗೆ ಬಹಳ ವರ್ಷದಿಂದ ಆಮ್ಲಾಂಗ್ ನುಂಗುತ್ತಿದ್ದಾರೆ. ಸೊಂಟದ ಆಪರೇಷನ್‌ಗೆ ಆಸ್ಪತ್ರೆ ಸೇರಿದಾಗ ಅಲ್ಲಿನ ಡಾಕ್ಟರು ಟೆಲ್ಮಾ ಎಎಮ್ ಬರೆದರು. ಮನೆಗೆ ಬಂದ ಮೇಲೆ ಹೊಸ ಮಾತ್ರೆ ಶುರುವಾಯಿತು, ಹಳೆಯದನ್ನು ನಿಲ್ಲಿಸಿ ಎಂದು ಯಾರೂ ಬಿಡಿಸಿ ಹೇಳಲಿಲ್ಲ. ಹೆಸರು ಬೇರೆ, ಬಣ್ಣ ಬೇರೆ, ಕಂಪನಿ ಬೇರೆ. ಆದರೆ ಆಮ್ಲಾಂಗ್ ಅಂದರೂ ಆಮ್ಲೊಡಿಪಿನ್, ಟೆಲ್ಮಾ ಎಎಮ್‌ನ ಒಳಗಿರುವ ಎರಡರಲ್ಲಿ ಒಂದೂ ಆಮ್ಲೊಡಿಪಿನ್. ಮಗಳು ಜನೌಷಧಿ ಅಂಗಡಿಯಿಂದ ಕಡಿಮೆ ಬೆಲೆಗೆ ಸಿಕ್ಕಿತೆಂದು ತಂದ ಶೀಟಿನ ಮೇಲೆ ಬರೀ ಆಮ್ಲೊಡಿಪಿನ್ ಎಂದೇ ಇದ್ದರೆ ಅದು ಮೂರನೆಯದು.

ಆಮ್ಲೊಡಿಪಿನ್ ಹೆಚ್ಚಾದಷ್ಟೂ ಪಾದ ಊದಿಕೊಳ್ಳುವುದು ಹೆಚ್ಚು. ತಾಯಿಯ ಪಾದವೂ ಊದಿತು. ಊತ ತೋರಿಸಲು ಹೋದಾಗ, ಈ ಕಥೆಯೇನೂ ಗೊತ್ತಿಲ್ಲದ ಇನ್ನೊಬ್ಬ ಡಾಕ್ಟರು ನೀರು ಹೋಗುವ ಮಾತ್ರೆ ಕೊಟ್ಟರು. ಅದನ್ನು ಸಂಜೆ ತೆಗೆದುಕೊಂಡು ರಾತ್ರಿ ಮೂರು ಸಲ ಬಾತ್‌ರೂಮಿಗೆ ಏಳುವಂತಾಯಿತು. ನಿದ್ದೆ ಕೆಟ್ಟಿದ್ದಕ್ಕೆ ನಿದ್ದೆ ಮಾತ್ರೆ ಬಂತು. ಈಗ ಲೆಕ್ಕ ಹಾಕಿ: ಬಿಪಿ ಇಳಿಸುವ ಔಷಧಿ ದುಪ್ಪಟ್ಟು, ಮೈಯಲ್ಲಿ ನೀರು ಕಡಿಮೆ, ನಿದ್ದೆಯ ಮಂಪರು, ಕತ್ತಲು, ಆಪರೇಷನ್ ಆದ ಸೊಂಟ. ಇವರು ಬಿದ್ದರೆ ಅದನ್ನು ವಯಸ್ಸಿನ ಮೇಲೆ ಹಾಕುತ್ತೇವೆ. ಪ್ರತಿ ವೈದ್ಯರೂ ತಮ್ಮ ಮುಂದಿದ್ದ ತೊಂದರೆಗೆ ಸರಿಯಾದ ಚೀಟಿಯನ್ನೇ ಬರೆದಿದ್ದರು. ಎಲ್ಲ ಚೀಟಿಗಳೂ ಒಟ್ಟಿಗೆ ಇದ್ದದ್ದು ಮನೆಯ ಡಬ್ಬಿಯಲ್ಲಿ ಮಾತ್ರ.

ಆ ಮನೆಗೆ ಬಂದ ಫಿಸಿಯೋ ಕಣ್ಣಿಗೆ ಏನು ಬೀಳುತ್ತದೆ ನೋಡಿ. ವ್ಯಾಯಾಮಕ್ಕೆಂದು ಕಾಲು ಹಿಡಿದಾಗ ಹೆಬ್ಬೆರಳು ಒತ್ತಿದ ಜಾಗದಲ್ಲಿ ಗುಳಿ ಉಳಿಯುತ್ತದೆ. ಮಂಚದಿಂದ ಎಬ್ಬಿಸಿ ವಾಕರ್ ಕೈಗೆ ಕೊಡುವಾಗ ತಾಯಿ ಒಂದು ಕ್ಷಣ ತಡೆದು ನಿಲ್ಲುತ್ತಾರೆ.

“ಅಮ್ಮಾ, ಎದ್ದ ತಕ್ಷಣ ತಲೆ ತಿರುಗುತ್ತಾ?”

“ಹೂಂ ಕಣಮ್ಮಾ, ಸ್ವಲ್ಪ ಕಣ್ಣು ಕತ್ತಲೆ ಬರತ್ತೆ. ಆಮೇಲೆ ಸರಿ ಹೋಗತ್ತೆ. ನೀನು ಶುರು ಮಾಡು.”

ಆ ಕ್ಷಣದಲ್ಲಿ ಬ್ಯಾಗಿನಿಂದ ಬಿಪಿ ಯಂತ್ರ ತೆಗೆದು ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಇನ್ನೊಮ್ಮೆ ನೋಡಿದರೆ ಸಾಕು. ಮೇಲಿನ ಅಂಕಿ 20ರಷ್ಟೋ ಕೆಳಗಿನದು 10ರಷ್ಟೋ ಇಳಿದಿದ್ದರೆ ಅದು ಡಾಕ್ಟರಿಗೆ ತಿಳಿಸಲೇಬೇಕಾದ ವಿಷಯ. ಕ್ಲಿನಿಕ್ಕಿನಲ್ಲಿ ಕುರ್ಚಿ ಮೇಲೆ ಕೂರಿಸಿ ನೋಡುವ ಬಿಪಿಯಲ್ಲಿ ಈ ಇಳಿತ ಸಿಗುವುದೇ ಇಲ್ಲ. ರೋಗಿಯನ್ನು ಏಳಿಸಿ ನಿಲ್ಲಿಸುವುದೇ ಯಾರ ಕಸುಬೋ ಅವರಿಗೆ ಸಿಗುತ್ತದೆ. ಇದಕ್ಕೇ ನಾನು ಫಿಸಿಯೋಗಳ ಬಗ್ಗೆ ಇಷ್ಟು ಒತ್ತಿ ಹೇಳುತ್ತಿರುವುದು. ನಡೆಸುವಾಗ, ಎಬ್ಬಿಸುವಾಗ, ಉಸಿರು ಎಣಿಸುವಾಗ ಔಷಧಿಯ ಗುಣವೂ ದೋಷವೂ ಅವರ ಕೈಕೆಳಗೇ ಹೊರಬೀಳುತ್ತವೆ.

ಪಾರ್ಕಿನ್ಸನ್ ಇರುವವರಲ್ಲಂತೂ ಥೆರಪಿಯೂ ಮಾತ್ರೆಯೂ ಒಂದನ್ನೊಂದು ಬಿಟ್ಟು ಇಲ್ಲ. ಲೆವೊಡೋಪಾ ಕೆಲಸ ಮಾಡುತ್ತಿರುವ ಹೊತ್ತಿನಲ್ಲಿ ನಡೆಸಿದರೆ ನಡೆಯುತ್ತಾರೆ. ಅದರ ಶಕ್ತಿ ಇಳಿದ ಹೊತ್ತಿನಲ್ಲಿ ಹೋದರೆ ಹೊಸಿಲ ಬಳಿ ಕಾಲು ಅಂಟಿದಂತೆ ನಿಂತುಬಿಡುತ್ತಾರೆ. ಅದೇ ಮಾತ್ರೆಯನ್ನು ಊಟದ ಜೊತೆ, ಬೇಳೆ ಮೊಸರಿನ ಪ್ರೋಟೀನ್ ಜೊತೆ ನುಂಗಿದರೆ ಮೈಗೆ ಹತ್ತುವುದು ಕಡಿಮೆ. “ಇವತ್ಯಾಕೋ ಮಂಕಾಗಿದ್ದಾರೆ” ಎಂದು ವ್ಯಾಯಾಮ ಮೊಟಕು ಮಾಡಿ ಹೋಗುವ ಬದಲು “ಮಾತ್ರೆ ಎಷ್ಟು ಗಂಟೆಗೆ ಕೊಟ್ಟಿರಿ?” ಎಂದು ಕೇಳಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಹೃದಯ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ತೆಗೆದುಕೊಳ್ಳುವವರ ನಾಡಿ ಎಷ್ಟು ದಣಿದರೂ ಅಷ್ಟಾಗಿ ಏರುವುದಿಲ್ಲ. ನಾಡಿ ನೋಡಿ ವ್ಯಾಯಾಮ ಹೆಚ್ಚಿಸುವ ಫಿಸಿಯೋಗೆ ಈ ಮಾತ್ರೆಯ ವಿಷಯ ಗೊತ್ತಿರದಿದ್ದರೆ ರೋಗಿಗೆ ಸಂಕಟ. ಇನ್ನು ಥೈರಾಯ್ಡ್ ಮಾತ್ರೆಯ ಹಿಂದೆಯೇ ಫಿಲ್ಟರ್ ಕಾಫಿ ಕುಡಿಯುವ ಅಭ್ಯಾಸ ಈ ಬಡಾವಣೆಯ ಮನೆಮನೆಯದ್ದು. ಆ ಮಾತ್ರೆಗೆ ಖಾಲಿ ಹೊಟ್ಟೆ ಬೇಕು, ಕಾಫಿಗೆ ಅರ್ಧದಿಂದ ಒಂದು ಗಂಟೆ ಕಾಯಬೇಕು. ಸ್ನಾಯು ಸುಸ್ತು ಬಿಡುತ್ತಲೇ ಇಲ್ಲ ಎಂದು ದೂರುವವರಲ್ಲಿ ಇದನ್ನೂ ಒಮ್ಮೆ ವಿಚಾರಿಸಬೇಕು.

ಏಕಾದಶಿಯ ಮಾತು ಬೇರೆಯೇ ಹೇಳಬೇಕು. ನಿಷ್ಠೆಯಿಂದ ಉಪವಾಸ ಮಾಡುವ ಹಿರಿಯರು ಇಲ್ಲಿ ಬಹಳ ಮಂದಿ. ಊಟ ಬಿಡುತ್ತಾರೆ, ಮಾತ್ರೆ ಬಿಡಬಾರದೆಂದು ಗ್ಲಿಮೆಪಿರೈಡ್ ನುಂಗುತ್ತಾರೆ. ಹನ್ನೊಂದು ಗಂಟೆಗೆ ಫಿಸಿಯೋ ಬಂದು ಹತ್ತು ಸಲ ಕೂರಿಸಿ ಏಳಿಸುತ್ತಾರೆ. ಬೆವರು, ನಡುಕ, ಮಾತು ತಡವರಿಕೆ: ಶುಗರ್ ಕೆಳಗಿಳಿದಿರುತ್ತದೆ. ಉಪವಾಸ ಬೇಡವೆಂದು ಹೇಳಲು ನಾನು ಯಾರು? ಆದರೆ ಪಂಚಾಂಗ ನೋಡಿ ಹಿಂದಿನ ದಿನವೇ “ನಾಳೆ ಉಪವಾಸವಾ ಅಮ್ಮಾ? ಶುಗರ್ ಮಾತ್ರೆ ಏನು ಮಾಡಬೇಕು ಅಂತ ಡಾಕ್ಟರನ್ನ ಕೇಳಿದ್ರಾ?” ಎನ್ನುವ ಒಬ್ಬರು ಆ ಮನೆಗೆ ಬೇಕು.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಚಿಂತೆಗೆ ಹಚ್ಚಿರುವುದು ನೋವಿನ ಮಾತ್ರೆ. ಇದರಲ್ಲಿ ಫಿಸಿಯೋಗಳ ಪಾತ್ರ ನೇರವಾದದ್ದು. ವ್ಯಾಯಾಮ ಮಾಡಿಸಿದ ದಿನ ಮಂಡಿ ನೋಯುತ್ತದೆ, ಹಿರಿಯರು ಕೆಲಸದವರನ್ನು ಮೆಡಿಕಲ್ ಶಾಪಿಗೆ ಕಳಿಸಿ ಡೈಕ್ಲೋಫೆನಾಕ್‌ನದೋ ಅಸೆಕ್ಲೋಫೆನಾಕ್‌ನದೋ ಒಂದು ಶೀಟ್ ತರಿಸಿಕೊಳ್ಳುತ್ತಾರೆ. ಕೆಲವು ಥೆರಪಿಸ್ಟರು ತಾವೇ “ಒಂದು ಪೇನ್‌ಕಿಲ್ಲರ್ ತಗೊಂಡಿರಿ, ಆಮೇಲೆ ಬರ್ತೀನಿ” ಎನ್ನುವುದೂ ಉಂಟು. ಬಿಪಿಗೆ ಟೆಲ್ಮಿಸಾರ್ಟನ್ ಜಾತಿಯದು, ಜೊತೆಗೆ ನೀರಿನ ಮಾತ್ರೆ, ಅದರ ಮೇಲೆ ಈ ನೋವಿನ ಮಾತ್ರೆ: ಈ ಮೂರೂ ಸೇರಿದರೆ ವಯಸ್ಸಾದವರ ಕಿಡ್ನಿಗೆ ಏಕಾಏಕಿ ಪೆಟ್ಟು ಬೀಳಬಹುದು. ರಕ್ತ ತೆಳು ಮಾಡುವ ಮಾತ್ರೆಯೂ ಇದ್ದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗಬಹುದು. ಪೇನ್‌ಕಿಲ್ಲರ್ ತಗೊಳ್ಳಿ ಎನ್ನುವ ಥೆರಪಿಸ್ಟ್ ಮೊದಲು ಡಬ್ಬಿ ತೆರೆದು ನೋಡಿದ್ದರೆ ಆ ಮಾತು ಬಾಯಿಂದ ಬರುತ್ತಿರಲಿಲ್ಲ.

ಇದಕ್ಕೆ ವೈದ್ಯರ ಕಡೆಯಿಂದ ಬರುವ ಆಕ್ಷೇಪ ಗೊತ್ತಿದೆ. ಇಂದು ಪಟ್ಟಿ ನೋಡುತ್ತಾರೆ, ನಾಳೆ ಮಾತ್ರೆ ಬದಲಾಯಿಸುತ್ತಾರೆ ಎಂಬ ಭಯ. 2025ರ ಸೆಪ್ಟೆಂಬರ್‌ನಲ್ಲಿ ಫಿಸಿಯೋಗಳು ಹೆಸರಿನ ಹಿಂದೆ ‘ಡಾ.’ ಹಾಕಿಕೊಳ್ಳಬಹುದೇ ಎಂಬ ಬಗ್ಗೆ ದೊಡ್ಡ ಜಗಳವೇ ನಡೆಯಿತು. ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಹಾಕಬಾರದೆಂದು ಪತ್ರ ಹೊರಡಿಸಿ, ಮರುದಿನವೇ ಹಿಂದಕ್ಕೆ ಪಡೆಯಿತು. ಆ ಗದ್ದಲದಲ್ಲಿ ಎರಡೂ ಪಾಳಯದವರು ಮಾತ್ರೆ ಡಬ್ಬಿಯ ಬಗ್ಗೆ ಒಂದು ಮಾತು ಎತ್ತಿದ್ದರೆ ಮಲ್ಲೇಶ್ವರದ ಅಜ್ಜ ಅಜ್ಜಿಯರಿಗೆ ಉಪಕಾರವಾಗುತ್ತಿತ್ತು. ಔಷಧಿ ಬರೆಯುವುದು ನೋಂದಾಯಿತ ವೈದ್ಯರ ಕೆಲಸ, ಅದು ಹಾಗೆಯೇ ಇರಬೇಕು. ಫಿಸಿಯೋ ಒಂದು ಮಾತ್ರೆಯನ್ನೂ ನಿಲ್ಲಿಸಬಾರದು, ಅರ್ಧ ಮಾಡಬಾರದು. ಈ ಗೆರೆಯ ಬಗ್ಗೆ ನನಗೆ ಎಳ್ಳಷ್ಟೂ ಗೊಂದಲವಿಲ್ಲ.

ಗೆರೆಯ ಈಚೆ ಕಾನೂನು ದಾರಿ ಬಿಟ್ಟಿದೆ. 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ, ನರ್ಸುಗಳಂತೆಯೇ ಅಲೈಡ್ ಹೆಲ್ತ್ ವೃತ್ತಿಪರರೂ ರೋಗಿಯ ಪಕ್ಕದಲ್ಲಿದ್ದು, ವಿವರ ಕೇಳಿ, ಪರೀಕ್ಷಿಸಿ, ಫೋನಿನಲ್ಲೋ ವಿಡಿಯೋದಲ್ಲೋ ವೈದ್ಯರಿಗೆ ತಿಳಿಸುವುದನ್ನು ಒಪ್ಪುತ್ತದೆ. ಫಿಸಿಯೋಥೆರಪಿಗೆ ರಾಷ್ಟ್ರೀಯ ಮಟ್ಟದಲ್ಲಿ ಕಾನೂನಿನ ನೆಲೆ ಕೊಟ್ಟ ಅಲೈಡ್ ಹೆಲ್ತ್‌ಕೇರ್ ಕಾಯಿದೆ 2021ರಲ್ಲಿ ಬಂದಿದೆ. ಫಿಸಿಯೋಥೆರಪಿ ಪದವಿಯಾದ ಬಿಪಿಟಿ ಓದಿದವರು ಔಷಧಶಾಸ್ತ್ರವನ್ನು ಒಂದು ವಿಷಯವಾಗಿ ಓದಿಯೇ ಬಂದಿರುತ್ತಾರೆ. ಪರೀಕ್ಷೆ ಮುಗಿದ ಮೇಲೆ ಅದನ್ನು ಬಳಸಿ ಎಂದು ಅವರಿಗೆ ಯಾರೂ ಹೇಳುವುದಿಲ್ಲ, ಅಷ್ಟೆ.

ಬೇರೆ ಕಡೆ ಹೇಳಿದ್ದಾರೆ. ಅಮೆರಿಕದಲ್ಲಿ ಸರ್ಕಾರಿ ವಿಮೆಯಾದ ಮೆಡಿಕೇರ್ ಹಣದಿಂದ ಮನೆ ಆರೈಕೆ ಕೊಡುವ ಸಂಸ್ಥೆ ರೋಗಿ ತೆಗೆದುಕೊಳ್ಳುತ್ತಿರುವ ಪ್ರತಿಯೊಂದು ಔಷಧಿಯನ್ನೂ ಪರಿಶೀಲಿಸಲೇಬೇಕು: ಒಂದೇ ಔಷಧಿ ಎರಡು ಸಲ ಹೋಗುತ್ತಿದೆಯೇ, ಒಂದಕ್ಕೊಂದು ಆಗಿಬರದವು ಇವೆಯೇ, ಬಿಟ್ಟುಹೋದವು ಯಾವುವು. ಥೆರಪಿ ಮಾತ್ರ ಬೇಕಿರುವ ರೋಗಿಯಾದರೆ ಥೆರಪಿಸ್ಟೇ ಮನೆಯಿಂದ ಪಟ್ಟಿ ತಂದು, ಸಂಸ್ಥೆಯ ನರ್ಸ್ ಜೊತೆ ಸೇರಿ ಈ ಪರಿಶೀಲನೆ ಮುಗಿಸುತ್ತಾರೆ. ಗಂಭೀರವಾದದ್ದು ಕಂಡರೆ ಮರುದಿನದ ಮಧ್ಯರಾತ್ರಿಯೊಳಗೆ ವೈದ್ಯರಿಗೆ ತಿಳಿಸಿ, ಅವರು ಹೇಳಿದ್ದನ್ನು ಮಾಡಿದ್ದಾರೆಯೇ ಎಂದು ದಾಖಲಿಸಬೇಕು. ಆಸ್ಟ್ರೇಲಿಯಾದಲ್ಲಿ 2001ರಿಂದ ಫಾರ್ಮಸಿಸ್ಟರೇ ಮನೆಗೆ ಹೋಗಿ ಔಷಧಿ ಪರಿಶೀಲಿಸುವ ಪದ್ಧತಿಯಿದೆ, ಅದಕ್ಕೆ ಸರ್ಕಾರ ದುಡ್ಡು ಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧಿಯಿಂದಾಗುವ ಹಾನಿ ತಗ್ಗಿಸುವ ಜಾಗತಿಕ ಕಾರ್ಯಕ್ರಮ ಶುರು ಮಾಡಿದಾಗ ಮುಖ್ಯವೆಂದು ಹೇಳಿದ್ದರಲ್ಲಿ ಎರಡು ಇವು: ಒಬ್ಬರೇ ಹಲವಾರು ಔಷಧಿ ತೆಗೆದುಕೊಳ್ಳುವುದು, ಆಸ್ಪತ್ರೆಯಿಂದ ಮನೆಗೆ ಬರುವಂಥ ಸ್ಥಳಾಂತರದ ಸಮಯ. ನಮ್ಮಲ್ಲಿ ಮಂಡಿ ಆಪರೇಷನ್ ಆಗಿ ಮನೆಗೆ ಬರುವ ಪ್ರತಿ ಹಿರಿಯರೂ ಈ ಎರಡರಲ್ಲೂ ಸಿಕ್ಕಿಕೊಂಡಿರುತ್ತಾರೆ.

ನಮ್ಮ ರಾಜ್ಯ ಸರ್ಕಾರವೂ ಮನೆ ಬಾಗಿಲಿಗೆ ಹೊರಟಿದೆ. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಬಿಪಿ, ಶುಗರ್ ತಪಾಸಣೆ ಮನೆಯಲ್ಲೇ ಆಗುತ್ತದೆ, ಮಾತ್ರೆಯೂ ಸಿಗುತ್ತದೆ. ಒಳ್ಳೆಯದು. ಮಾತ್ರೆ ಕೊಡುವಾಗ ಮನೆಯಲ್ಲಿ ಆಗಲೇ ಏನೇನಿದೆ ಎಂದು ನೋಡುವ ಕೆಲಸವನ್ನೂ ಅದರಲ್ಲಿ ಸೇರಿಸಬೇಕು.

ಫಿಸಿಯೋಗೆ ಈ ಕೆಲಸಕ್ಕೆ ಮೊದಲ ಭೇಟಿಯಲ್ಲಿ ಕಾಲು ಗಂಟೆ ಸಾಕು. ಮಂಚದ ಪಕ್ಕದ ಡಬ್ಬಿ, ಫ್ರಿಜ್ಜಿನ ಬಾಗಿಲು, ದೇವರ ಮನೆಯ ಕಪಾಟು, ಎಲ್ಲಿದ್ದರೂ ತಂದು ಮೇಜಿನ ಮೇಲೆ ಸುರಿಯಬೇಕು. ಚೂರ್ಣ, ಕಷಾಯ, ಹೋಮಿಯೋಪತಿ ಗುಳಿಗೆ, ಪಕ್ಕದ ಮನೆಯವರಿಗೆ ಹಿಡಿಸಿತೆಂದು ತರಿಸಿದ ಮಂಡಿ ನೋವಿನ ಕ್ಯಾಪ್ಸೂಲ್, ಎಲ್ಲವೂ. ಬ್ರ್ಯಾಂಡ್ ಹೆಸರಿನ ಕೆಳಗೆ ಚಿಕ್ಕ ಅಕ್ಷರದಲ್ಲಿ ಅಚ್ಚಾಗಿರುವ ಮೂಲ ಔಷಧಿಯ ಹೆಸರು ಓದಿ ಒಂದೇ ಹಾಳೆಯಲ್ಲಿ ಬರೆಯಬೇಕು: ಯಾವುದು, ಎಷ್ಟು ಮಿಲಿಗ್ರಾಂ, ಎಷ್ಟು ಹೊತ್ತಿಗೆ, ಯಾವ ಡಾಕ್ಟರು ಬರೆದದ್ದು. ಒಂದೇ ಹೆಸರು ಎರಡು ಕಡೆ ಬಂದರೆ ಅಲ್ಲೇ ಗೊತ್ತಾಗುತ್ತದೆ. ಹಾಳೆಯ ಫೋಟೋ ಮನೆಯ ಡಾಕ್ಟರಿಗೆ ಹೋಗಬೇಕು, ಇನ್ನೊಂದು ಪ್ರತಿ ಹಿರಿಯರೇ ಓದಿಕೊಳ್ಳುವಂತೆ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಗೋಡೆಗೆ ಅಂಟಬೇಕು. ಸರ್ಕಾರಿ ವೈದ್ಯರು ಚೀಟಿಯನ್ನು ಕನ್ನಡದಲ್ಲಿ ಬರೆಯಲಿ ಎಂದು ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು 2024ರಲ್ಲಿ ಆರೋಗ್ಯ ಸಚಿವರನ್ನು ಕೇಳಿಕೊಂಡಾಗ ಹಲವರು ಅದನ್ನು ಬರೀ ಭಾಷಾಭಿಮಾನ ಎಂದುಕೊಂಡರು. ನನಗೆ ಅದು ರೋಗಿಯ ಜೀವದ ಪ್ರಶ್ನೆಯಾಗಿ ಕಾಣುತ್ತದೆ.

ಈ ಕಾಲು ಗಂಟೆಗೆ ದುಡ್ಡು ಕೊಡಬೇಕು. ಭೇಟಿಗೆ ಇಷ್ಟು ಎಂದು ಎಣಿಸಿ ಕೊಡುವ ಪದ್ಧತಿಯಲ್ಲಿ, ದಿನಕ್ಕೆ ಆರೇಳು ಮನೆ ಸುತ್ತುವ ಹುಡುಗ ಹುಡುಗಿಯರಿಗೆ ಟ್ರಾಫಿಕ್ಕಿನಲ್ಲೇ ಅರ್ಧ ದಿನ ಕಳೆದಿರುತ್ತದೆ. ಅವರ ಮೇಲೆ ಇನ್ನೊಂದು ಹೊಣೆಯನ್ನು ಬಿಟ್ಟಿಯಾಗಿ ಹೇರುವುದು ಅನ್ಯಾಯ. ಹೊರದೇಶದ ಮಕ್ಕಳು ಅಪ್ಪ ಅಮ್ಮನಿಗೆ ಗೂಗಲ್ ನೋಡಿ ಮಾತ್ರೆ ಬದಲಾಯಿಸಲು ಹೇಳುವ ಬದಲು ಈ ಶುಲ್ಕ ಕಟ್ಟಲಿ, ಪಟ್ಟಿ ಕೇಳಿ ತರಿಸಿಕೊಳ್ಳಲಿ.

ಆಸ್ಪತ್ರೆಗಳಿಂದಲೂ ಒಂದು ಕೆಲಸ ಆಗಬೇಕು. ಈಗ ಫಿಸಿಯೋ ಕೈಗೆ ಬರುವ ಚೀಟಿಯಲ್ಲಿ ತೊಡೆಯ ಸ್ನಾಯುವಿನ ವ್ಯಾಯಾಮ, ವಾಕರ್‌ನಲ್ಲಿ ನಡಿಗೆ ಎಂಬ ಎರಡು ಸಾಲು ಇರುತ್ತದೆ. ಡಿಸ್ಚಾರ್ಜ್ ದಿನದ ಔಷಧಿ ಪಟ್ಟಿಯ ಪ್ರತಿ, ನಿಲ್ಲಿಸಿದ ಹಳೆಯ ಮಾತ್ರೆಗಳ ಹೆಸರು, ಫೋನ್ ಮಾಡಿದರೆ ಎತ್ತುವ ಒಬ್ಬ ಡಾಕ್ಟರ ನಂಬರು, ಈ ಮೂರನ್ನೂ ಅದೇ ಚೀಟಿಗೆ ಸೇರಿಸಲು ಹೊಸ ಕಾನೂನು ಬೇಕಿಲ್ಲ, ಬಜೆಟ್ಟೂ ಬೇಕಿಲ್ಲ. ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಯಿಂದ ಹಿಡಿದು ಸುತ್ತಲಿನ ನರ್ಸಿಂಗ್ ಹೋಮ್‌ಗಳವರೆಗೆ ಯಾರು ಬೇಕಾದರೂ ಮುಂದಿನ ಡಿಸ್ಚಾರ್ಜ್‌ನಿಂದಲೇ ಶುರು ಮಾಡಬಹುದು.